ವೇಗಕ್ಕೆ ಪಿಂಚಣಿ ಇಲ್ಲ

ಮೈಸೂರಿನ ಲಕ್ಷ್ಮೀಪುರಂ ನಿವೃತ್ತರ ಬಡಾವಣೆ. ಬಲ್ಲಾಳ್ ಸರ್ಕಲ್ಲಿನ ಗದ್ದಲ ದಾಟಿ ಒಳರಸ್ತೆಗಳಿಗೆ ಹೊಕ್ಕರೆ, ಗೇಟಿನ ಪಕ್ಕದ ಫಲಕಗಳಲ್ಲಿ ಹೆಸರಿನ ಕೆಳಗೆ ಎರಡನೆಯ ಸಾಲೊಂದು ಎದುರಾಗುತ್ತದೆ: ನಿವೃತ್ತ ಪ್ರಾಧ್ಯಾಪಕರು, ನಿವೃತ್ತ ಎಂಜಿನಿಯರ್, ನಿವೃತ್ತ ತಹಸೀಲ್ದಾರ್. ಈ ಸಾಲಿನಲ್ಲಿ ಯಾರಾದರೂ ‘ನಿವೃತ್ತ ರೇಸ್ ಡ್ರೈವರ್’ ಎಂದು ಬರೆಸಿಕೊಂಡರೆ ಏನಾದೀತು? ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಆತನಿಗೆ ಮೂರು ಪ್ರಶ್ನೆ ಬೀಳುವುದಂತೂ ಖಂಡಿತ. “ಎಷ್ಟು ವರ್ಷ ಸರ್ವಿಸ್ ಆಯ್ತು ಸಾರ್? ಪೆನ್ಷನ್ ಬರುತ್ತಾ? ಈಗೇನ್ ಮಾಡ್ಕೊಂಡಿದೀರಿ?”

ಮೂರೂ ಒಳ್ಳೆಯ ಪ್ರಶ್ನೆಗಳೇ. ರೇಸಿನ ಬಗ್ಗೆ ನಮ್ಮಲ್ಲಿ ಬರುವ ಬರಹಗಳು ಬಹುಪಾಲು ಗೆದ್ದ ಕಪ್ಪು, ಗಂಟೆಗೆ ಇಷ್ಟು ಕಿಲೋಮೀಟರು ಎಂಬಲ್ಲಿಗೇ ನಿಂತುಬಿಡುತ್ತವೆ. ಕೆರೆ ಏರಿಯ ಹಿರಿಯರು ಕೇಳುವ ಪ್ರಶ್ನೆಗಳು ಅದಕ್ಕಿಂತ ಮುಂದಕ್ಕೆ ಹೋಗುತ್ತವೆ. ಕರ್ನಾಟಕದ ಮತ್ತು ಅಕ್ಕಪಕ್ಕದ ಊರುಗಳ ರೇಸಿಗರ ಬದುಕನ್ನು ಸಾಲಾಗಿ ಇಟ್ಟು ನೋಡಿದರೆ ಟ್ರ್ಯಾಕಿನ ಮೇಲೆ ಅವರು ಕಳೆದ ಕಾಲ ಕಡಿಮೆ. “ಈಗೇನ್ ಮಾಡ್ಕೊಂಡಿದೀರಿ?” ಎಂಬುದಕ್ಕೆ ಅವರು ಕೊಡುವ ಉತ್ತರವೇ ಹೆಚ್ಚು ಕುತೂಹಲದ್ದು.

ಯಾದವಗಿರಿಯ ಸದ್ದು

ನಿಧಾನಕ್ಕೆ ಹೆಸರಾದ ಮೈಸೂರಿಗೆ ವೇಗದ ನಂಟು ಬಂದದ್ದು ಯಾದವಗಿರಿಯಿಂದ. 1960ರಲ್ಲಿ ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಅಲ್ಲಿ ಐಡಿಯಲ್ ಜಾವಾ ಕಂಪನಿ ಶುರುಮಾಡಿದರು. ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಪರವಾನಗಿ ಪಡೆದು ಇಲ್ಲೇ ತಯಾರಿಸುವ ಕಾರ್ಖಾನೆ ಅದು. 1973ರ ಹೊತ್ತಿಗೆ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಜಪಾನಿನ ತಂತ್ರಜ್ಞಾನದ, ಪೆಟ್ರೋಲು ಕಡಿಮೆ ಕುಡಿಯುವ ಬೈಕುಗಳ ಎದುರು ನಿಲ್ಲಲಾಗದೆ 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಲಕ್ಷ್ಮೀಪುರಂನಲ್ಲಿದ್ದ ಆರ್. ಕೆ. ನಾರಾಯಣ್ ಆಮೇಲೆ ಮನೆ ಕಟ್ಟಿಸಿಕೊಂಡು ಹೋದದ್ದೂ ಯಾದವಗಿರಿಗೇ. ಮಾಲ್ಗುಡಿಯ ಮಂದಗತಿಯೂ ರೋಡ್‌ಕಿಂಗ್‌ನ ಆರ್ಭಟವೂ ಒಂದೇ ಬಡಾವಣೆಯಲ್ಲಿ ಇದ್ದವೆಂಬುದು ಮೈಸೂರಿಗರು ಅಷ್ಟಾಗಿ ಗಮನಿಸದ ತಮಾಷೆ.

ಒಂದು ಕಾರ್ಖಾನೆಯಿಂದ ರೇಸಿಗರು ಹೇಗೆ ಹುಟ್ಟುತ್ತಾರೆ? ಜಾವಾ, ಯೆಜ್ಡಿಗಳದ್ದು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕಾರಿನ ಎಂಜಿನ್ನಿನಂತೆ ವಾಲ್ವುಗಳ ಮೇಳವಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟುಗಳ ಮೂಲಕವೇ ಗಾಳಿ, ಪೆಟ್ರೋಲು ಒಳಬರಬೇಕು, ಹೊಗೆ ಹೊರಹೋಗಬೇಕು. ಆ ಪೋರ್ಟಿನ ಅಂಚನ್ನು ಅರದಿಂದ ಒಂದು ಕೂದಲೆಳೆ ಉಜ್ಜಿದರೂ ಎಂಜಿನ್ನಿನ ಗುಣ ಬದಲಾಗುತ್ತದೆ. ಹೆಡ್ಡನ್ನು ಲೇತಿಗೆ ಕೊಟ್ಟು ಸ್ವಲ್ಪ ತೆಗೆಸಿದರೆ ಕಂಪ್ರೆಷನ್ ಏರುತ್ತದೆ. ಸೈಲೆನ್ಸರಿನ ಒಳಹೊಟ್ಟೆ ಬದಲಿಸಿದರೆ ಎಳೆತವೇ ಬೇರೆ. ಇದಕ್ಕೆ ಪ್ರಯೋಗಾಲಯ ಬೇಕಿರಲಿಲ್ಲ. ಒಂದು ಅರ, ಒಳ್ಳೆಯ ಕಣ್ಣು, ಕೆಡಿಸಿದರೆ ಬದಲಿಗೆ ಹಾಕಲು ಇನ್ನೊಂದು ಬ್ಯಾರೆಲ್ ಇದ್ದರಾಯಿತು. ಬೈಕು ಹುಟ್ಟುವ ಊರಿನಲ್ಲಿ ಬಿಡಿಭಾಗಕ್ಕೂ ಕೈ ಪಳಗಿದ ಮೆಕ್ಯಾನಿಕ್‌ಗಳಿಗೂ ಬರವಿರುವುದಿಲ್ಲ. ಕಿಕ್ಕರ್ರೇ ಒಳಕ್ಕೆ ಒತ್ತಿದರೆ ಗೇರ್ ಲಿವರ್ ಆಗುತ್ತಿದ್ದ ಆ ವಿಚಿತ್ರ ಜೋಡಣೆಯನ್ನು ಕಣ್ಣು ಮುಚ್ಚಿ ಬಿಚ್ಚಿ ಕೂಡಿಸಬಲ್ಲವರು ಈ ಊರಿನಲ್ಲಿದ್ದರು.

ಆಗಿನ ಕಾಲಕ್ಕೆ ದಕ್ಷಿಣ ಭಾರತದ ರೇಸಿಗರೆಲ್ಲ ಸೇರುತ್ತಿದ್ದ ಜಾಗ ಷೋಲಾವರಂ. ಚೆನ್ನೈನ ಉತ್ತರಕ್ಕಿರುವ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸು ನಡೆಸುತ್ತಿತ್ತು. ರಾಜಮನೆತನದವರು, ಗಿರಣಿ ಮಾಲೀಕರ ಮಕ್ಕಳು, ಗ್ಯಾರೇಜಿನ ಹುಡುಗರು ಎಲ್ಲರೂ ಒಂದೇ ಕಾಂಕ್ರೀಟಿನ ಮೇಲೆ ನಿಲ್ಲುತ್ತಿದ್ದರು. ಬೆಂಗಳೂರಿನ ವಿಜಯ್ ಮಲ್ಯ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನೇ ತರಿಸಿ ಅಲ್ಲಿ ಓಡಿಸಿದ್ದರು. ಮುಂದೆ 2007ರಲ್ಲಿ ಇಡೀ ಫಾರ್ಮುಲಾ ಒನ್ ತಂಡವನ್ನೇ ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು, 2018ರಲ್ಲಿ ಆ ತಂಡ ದಿವಾಳಿಯ ಅಂಚಿಗೆ ಬಂತು. ಆ ಕಥೆ ಬೇರೆ, ಅದನ್ನು ಇಲ್ಲಿ ಎಳೆಯುವುದು ಬೇಡ. ಮಾತು ಇಷ್ಟೇ: ಷೋಲಾವರಂನಲ್ಲಿ ಕೀರ್ತಿಯಿತ್ತು, ಕಪ್ಪುಗಳಿದ್ದವು. ಸಂಸಾರ ಸಾಗಿಸುವಷ್ಟು ಹಣ ಇರಲಿಲ್ಲ. ಹೊಟ್ಟೆಪಾಡಿಗೆ ಬೇರೊಂದು ಕೆಲಸ ಇದ್ದವರು ಮಾತ್ರ ಅಲ್ಲಿಗೆ ಮತ್ತೆ ಮತ್ತೆ ಹೋಗಬಹುದಿತ್ತು.

ಹೀಗೆ ರೇಸಿನ ಹಿನ್ನೆಲೆಯಿಂದ ಬಂದ ಮೈಸೂರಿನವರೊಬ್ಬರ ಹೆಸರು ಜಗತ್ತಿಗೆ ತಿಳಿದದ್ದು ಗೆದ್ದ ರೇಸಿನಿಂದಲ್ಲ. ಅವರು ಸೋಮೇಂದರ್ ಸಿಂಗ್. ಎಂಜಿನ್ ಹೆಡ್ಡಿನ ಒಳಮೈಯಲ್ಲಿ, ಪಿಸ್ಟನ್ ತೀರಾ ಹತ್ತಿರ ಬಂದು ಗಾಳಿಯನ್ನು ಹಿಂಡುವ ಜಾಗದಲ್ಲಿ, ಅವರು ಸಣ್ಣ ಗೀರುಗಾಲುವೆಗಳನ್ನು ಕೊರೆದರು. ಹಿಂಡಿದ ಮಿಶ್ರಣ ಆ ಕಾಲುವೆಗಳಲ್ಲಿ ರಭಸದಿಂದ ನುಗ್ಗಿ ಸುಳಿಯೇಳುತ್ತದೆ, ಆದ್ದರಿಂದ ಇನ್ನೂ ಚೆನ್ನಾಗಿ, ಬೇಗ ಉರಿಯುತ್ತದೆ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ಎಳೆತ ಸಿಗುತ್ತದೆ ಎಂಬುದು ಅವರ ವಾದ. 2001ರ ಮೇ ತಿಂಗಳಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಸಂಖ್ಯೆ 6237579. 2004ರಲ್ಲಿ ಅಮೆರಿಕದ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆ ಮೈಸೂರಿನ ಈ ಮೆಕ್ಯಾನಿಕ್‌ನ ಮೇಲೆ ದೊಡ್ಡ ಲೇಖನವನ್ನೇ ಬರೆಯಿತು. ಹೊರದೇಶಗಳ ಹವ್ಯಾಸಿಗಳು ತಮ್ಮ ಕಾರು, ಬೈಕುಗಳ ಹೆಡ್ಡಿಗೆ ಗೀರು ಹಾಕಿ ಅದನ್ನು ‘ಸಿಂಗ್ ಗ್ರೂವ್’ ಎಂದು ಕರೆದರು. ದೊಡ್ಡ ವಾಹನ ಕಂಪನಿಗಳು ಮಾತ್ರ ಅದನ್ನು ತಮ್ಮ ಎಂಜಿನ್ನಿಗೆ ತೆಗೆದುಕೊಳ್ಳಲಿಲ್ಲ. ಗೀರುಗಳ ಲಾಭ ಎಷ್ಟು ಎಂಬುದರ ಬಗ್ಗೆ ಎಂಜಿನಿಯರುಗಳಲ್ಲಿ ಒಮ್ಮತವಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ: ಡಿಗ್ರಿಯ ಲೆಕ್ಕ ಕೇಳುವ ಊರಿನಲ್ಲಿ, ರೇಸಿಗಾಗಿ ಎಂಜಿನ್ನಿನ ಹೊಟ್ಟೆ ಬಗೆದು ಕಲಿತ ವಿದ್ಯೆಯನ್ನು ಒಬ್ಬರು ಪೇಟೆಂಟ್ ಕಚೇರಿಯವರೆಗೆ ಒಯ್ದರು. ಟ್ರ್ಯಾಕು ಕೆಲವರಿಗೆ ಓದು ಮುಗಿಸದ ಕಾಲೇಜು ಇದ್ದ ಹಾಗೆ.

ದಿಂಬಂ ಆಚೆ

ಇನ್ನು ‘ಪೂರ್ಣಾವಧಿ ಸರ್ವಿಸ್’ ಮಾಡಿದ ಕಾರ್ ರೇಸಿಗರನ್ನು ಹುಡುಕಬೇಕೆಂದರೆ ಮೈಸೂರಿನಿಂದ ಚಾಮರಾಜನಗರ, ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಸತ್ಯಮಂಗಲದಿಂದಾಚೆ ಕೊಯಮತ್ತೂರು. ಕನ್ನಡ ಮಾತಾಡುವ ದೇವಾಂಗರೂ ಒಕ್ಕಲಿಗರೂ ತಲೆಮಾರುಗಳಿಂದ ನೆಲೆಸಿರುವ ಊರು. ಜವಳಿ ಗಿರಣಿಗಳು, ಪಂಪ್‌ಸೆಟ್ಟುಗಳು, ಫೌಂಡ್ರಿಗಳು. ಯಂತ್ರ ಗೊತ್ತಿರುವ ಕೈಗಳೂ, ಮಗನ ಹುಚ್ಚಿಗೆ ದುಡ್ಡು ಹಾಕಬಲ್ಲ ಮನೆಗಳೂ ಒಟ್ಟಿಗೇ ಇರುವ ಜಾಗ.

ಅಂಥ ಮನೆಯಿಂದ ಬಂದವರು ಎಸ್. ಕರಿವರ್ಧನ್. ತಾವು ಓಡಿಸಿದ್ದು ಸಾಲದೆಂದು ಮಾರುತಿ 800ರ ಎಂಜಿನ್ ಕೂರಿಸಿ ಒಂಟಿ ಸೀಟಿನ ರೇಸ್ ಕಾರುಗಳನ್ನು ತಾವೇ ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ಅಲ್ಲಿಯವರೆಗೆ ವಿದೇಶದಿಂದ ಬಂದ ಹಳೇ ಕಾರಿಗೆ ಕಾಯಬೇಕಿದ್ದ ಹುಡುಗರಿಗೆ ಇಲ್ಲೇ ಅಗ್ಗದಲ್ಲಿ ರೇಸ್ ಕಾರು ಸಿಕ್ಕಿತು. 1990ರಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ರೇಸಿಗೆಂದೇ ಕಟ್ಟಿದ ಟ್ರ್ಯಾಕು ಬಂತು, ಷೋಲಾವರಂ ಮೂಲೆ ಸೇರಿತು. 1995ರಲ್ಲಿ ಕರಿವರ್ಧನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಚೆಟ್ಟಿಪಾಳಯದ ಟ್ರ್ಯಾಕು ಇಂದು ‘ಕರಿ’ ಎಂಬ ಅವರ ಹೆಸರಿನಲ್ಲಿದೆ.

ಕರಿವರ್ಧನ್ ಕಟ್ಟಿದ ಕಾರಿನಲ್ಲೇ ಮೊದಲ ಪಾಠ ಕಲಿತ ಹುಡುಗ ನರೇನ್ ಕಾರ್ತಿಕೇಯನ್. ಜನನ 1977ರ ಜನವರಿ 14. ತಂದೆ ಜಿ. ಆರ್. ಕಾರ್ತಿಕೇಯನ್ ರ‍್ಯಾಲಿಯಲ್ಲಿ ಹೆಸರು ಮಾಡಿದವರು. ಹದಿನೈದರ ವಯಸ್ಸಿಗೆ ಫ್ರಾನ್ಸಿನ ಎಲ್ಫ್-ವಿನ್‌ಫೀಲ್ಡ್ ರೇಸಿಂಗ್ ಶಾಲೆ, 1994ರಲ್ಲಿ ಬ್ರಿಟನ್ನಿನ ಫಾರ್ಮುಲಾ ಫೋರ್ಡ್ ಚಳಿಗಾಲದ ಸರಣಿಯ ಗೆಲುವು, 1996ರಲ್ಲಿ ಫಾರ್ಮುಲಾ ಏಷ್ಯಾ ಚಾಂಪಿಯನ್. ಆಮೇಲೆ ಬ್ರಿಟನ್ನಿನಲ್ಲಿ ಫಾರ್ಮುಲಾ ತ್ರೀ. ಇಷ್ಟೆಲ್ಲ ಆದಮೇಲೂ ಫಾರ್ಮುಲಾ ಒನ್ ಬಾಗಿಲು ತೆರೆಯುವ ಹೊತ್ತಿಗೆ ಅವರಿಗೆ 28. ಆ ಕ್ರೀಡೆಯಲ್ಲಿ ಅದು ಚಿಕ್ಕ ವಯಸ್ಸಲ್ಲ.

ತಡವಾದದ್ದು ಚಳಕವಿಲ್ಲದ್ದಕ್ಕಲ್ಲ, ದುಡ್ಡಿಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ರಿಕೆಟಿಗನಿಗೆ ಕ್ಲಬ್ಬು ಬ್ಯಾಟು ಕೊಡುತ್ತದೆ, ರಾಜ್ಯ ತಂಡಕ್ಕೆ ಹೋದರೆ ಭತ್ಯೆ ಬರುತ್ತದೆ. ರೇಸ್ ಡ್ರೈವರ್ ಮೇಲೇರಿದಷ್ಟೂ ಕೈಯಿಂದ ಹಾಕಬೇಕು. ಏಳೆಂಟು ವರ್ಷದ ಮಗು ಗೋ-ಕಾರ್ಟ್ ಹತ್ತುವಾಗಲೇ ಲಕ್ಷಗಳ ಲೆಕ್ಕ ಶುರು. ಫಾರ್ಮುಲಾ ಫೋರ್, ತ್ರೀ, ಟೂ ಎಂದು ಮೆಟ್ಟಿಲು ಹತ್ತುವ ಹೊತ್ತಿಗೆ ವರ್ಷಕ್ಕೆ ಹತ್ತಾರು ಕೋಟಿ ರೂಪಾಯಿ ತಂಡಕ್ಕೆ ಕಟ್ಟಬೇಕಾಗುತ್ತದೆ. ಟೈರು, ಎಂಜಿನ್, ಮೆಕ್ಯಾನಿಕ್‌ಗಳ ಸಂಬಳ, ಮುರಿದ ಮೂತಿಯ ರಿಪೇರಿ ಎಲ್ಲವೂ ಅದರಲ್ಲೇ. ಪ್ರಾಯೋಜಕರು ಸಿಕ್ಕರೆ ಸರಿ, ಇಲ್ಲದಿದ್ದರೆ ಅಪ್ಪನ ಆಸ್ತಿ. ಫಾರ್ಮುಲಾ ಒನ್ ತಲುಪಿದ ಮೇಲೂ ಹಿಂದಿನ ಸಾಲಿನ ತಂಡಗಳಲ್ಲಿ ಸೀಟು ಸಿಗುವುದು ಡ್ರೈವರ್ ಎಷ್ಟು ಪ್ರಾಯೋಜಕತ್ವ ತರುತ್ತಾನೆ ಎಂಬುದರ ಮೇಲೆ. ಸಂಬಳ ಪಡೆದು ಓಡಿಸುವವರಷ್ಟೇ ದುಡ್ಡು ಕೊಟ್ಟು ಓಡಿಸುವವರೂ ಆ ಗ್ರಿಡ್ಡಿನಲ್ಲಿ ಇದ್ದ ಕಾಲವಿದೆ. ಪಿಂಚಣಿಯ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

2005ರ ಮಾರ್ಚ್ 6ರಂದು ಮೆಲ್ಬರ್ನ್‌ನಲ್ಲಿ ಜೋರ್ಡನ್ ತಂಡದ ಹಳದಿ ಕಾರಿನಲ್ಲಿ ಕಾರ್ತಿಕೇಯನ್ ಮೊದಲ ರೇಸು ಓಡಿಸಿ 15ನೆಯವರಾಗಿ ಮುಗಿಸಿದರು. ಫಾರ್ಮುಲಾ ಒನ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ. ಆ ವರ್ಷದ ಜೂನ್‌ನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಟೈರಿನ ಸುರಕ್ಷತೆಯ ಜಗಳವೆದ್ದು ಮಿಷೆಲಿನ್ ಟೈರು ಹಾಕಿದ್ದ ತಂಡಗಳೆಲ್ಲ ಹಿಂದೆ ಸರಿದವು. ಬ್ರಿಜ್‌ಸ್ಟೋನ್ ಟೈರಿನ ಆರು ಕಾರುಗಳಷ್ಟೇ ಓಡಿದವು. ಕಾರ್ತಿಕೇಯನ್ ನಾಲ್ಕನೆಯವರಾದರು, ಐದು ಅಂಕ ಸಿಕ್ಕಿತು. ಫಾರ್ಮುಲಾ ಒನ್‌ನಲ್ಲಿ ಒಟ್ಟು 46 ರೇಸುಗಳಲ್ಲಿ ಅವರು ಗಳಿಸಿದ ಅಂಕವೂ ಅಷ್ಟೇ. ಇದನ್ನು ಹಿಡಿದು ನಗುವವರಿದ್ದಾರೆ. ಕೊನೆಯ ಸಾಲಿನ ಕಾರಿನಲ್ಲಿ ಬ್ರೇಕು ಒತ್ತಿದಾಗ ಕತ್ತಿನ ಮೇಲೆ ಬೀಳುವ ಭಾರ ಮೊದಲ ಸಾಲಿನವರಿಗಿಂತ ಕಡಿಮೆಯೇನಲ್ಲ. ಹೆಲ್ಮೆಟ್ಟು ಸೇರಿ ತಲೆ ಆ ಹೊತ್ತಿಗೆ ತನ್ನ ತೂಕದ ನಾಲ್ಕೈದು ಪಟ್ಟು ಮುಂದಕ್ಕೆ ಎಳೆಯುತ್ತದೆ. ಒಂದೂವರೆ ಗಂಟೆಯ ರೇಸಿನಲ್ಲಿ ಬೆವರಾಗಿ ಹೋಗುವ ನೀರು ಎರಡು ಮೂರು ಕಿಲೋ ಆಗಬಹುದು. ಅಂಕಪಟ್ಟಿಗೆ ಇದಾವುದೂ ಕಾಣುವುದಿಲ್ಲ.

ಮುಂದಿನದು ಅಲೆಮಾರಿಯ ಬದುಕು. ವಿಲಿಯಮ್ಸ್ ತಂಡದ ಟೆಸ್ಟ್ ಡ್ರೈವರ್. 2007ರಲ್ಲಿ ಚೀನಾದ ಝುಹೈನಲ್ಲಿ ಎ1 ಗ್ರ್ಯಾಂಡ್ ಪ್ರೀಯಲ್ಲಿ ಭಾರತ ತಂಡಕ್ಕೆ ಗೆಲುವು. 2010ರಲ್ಲಿ ಅಮೆರಿಕಕ್ಕೆ ಹೋಗಿ ನಾಸ್ಕಾರ್‌ನ ಟ್ರಕ್ ರೇಸು. ಅದೇ ವರ್ಷ ಪದ್ಮಶ್ರೀ. 2011ರಲ್ಲಿ ಎಚ್‌ಆರ್‌ಟಿ ತಂಡದ ಮೂಲಕ ಮತ್ತೆ ಫಾರ್ಮುಲಾ ಒನ್, ಆದರೆ ಸೀಸನ್ನಿನ ಮಧ್ಯದಲ್ಲೇ ಸೀಟು ಡೇನಿಯಲ್ ರಿಕಿಯಾರ್ಡೊ ಎಂಬ ಹೊಸ ಹುಡುಗನಿಗೆ ಹೋಯಿತು. ಆ ಅಕ್ಟೋಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟಿನಲ್ಲಿ ಭಾರತದ ಮೊದಲ ಗ್ರ್ಯಾಂಡ್ ಪ್ರೀ ನಡೆದಾಗ ಒಂದು ರೇಸಿನ ಮಟ್ಟಿಗೆ ಸೀಟು ವಾಪಸ್ ಸಿಕ್ಕಿತು, 17ನೆಯವರಾಗಿ ಮುಗಿಸಿದರು. ಆ ರೇಸೂ ಮೂರೇ ವರ್ಷ ನಡೆದು 2013ಕ್ಕೆ ನಿಂತಿತು.

ನನ್ನ ಕಣ್ಣಿಗೆ ಅವರ ವೃತ್ತಿಯ ಗಟ್ಟಿ ಭಾಗ ಇದಾದ ಮೇಲಿನದು. 2014ರಿಂದ ಜಪಾನಿಗೆ ಹೋಗಿ ಅಲ್ಲಿನ ಸೂಪರ್ ಫಾರ್ಮುಲಾದಲ್ಲಿ ವರ್ಷಗಟ್ಟಲೆ ದುಡಿದರು. ಭಾರತದ ಪತ್ರಿಕೆಗಳ ಕ್ರೀಡಾಪುಟದಲ್ಲಿ ಅದು ಎರಡು ಸಾಲಿನ ಸುದ್ದಿಯೂ ಆಗುತ್ತಿರಲಿಲ್ಲ. 2019ರ ನವೆಂಬರಿನಲ್ಲಿ ಫ್ಯೂಜಿ ಪರ್ವತದ ಬುಡದ ಟ್ರ್ಯಾಕಿನಲ್ಲಿ ಜಪಾನಿನ ಸೂಪರ್ ಜಿಟಿ ಮತ್ತು ಜರ್ಮನಿಯ ಡಿಟಿಎಂ ಕಾರುಗಳು ಜಂಟಿಯಾಗಿ ಓಡಿದ ಎರಡನೆಯ ರೇಸನ್ನು ಹೋಂಡಾ ಕಾರಿನಲ್ಲಿ ಗೆದ್ದರು. ಆಗ ವಯಸ್ಸು 42. ಲಕ್ಷ್ಮೀಪುರಂನ ಲೆಕ್ಕದಲ್ಲಿ ಅದು ಬಡ್ತಿ ಸಿಗುವ ವಯಸ್ಸು, ರೇಸಿನ ಲೆಕ್ಕದಲ್ಲಿ ಮನೆಗೆ ಹೋಗುವ ವಯಸ್ಸು.

ಆಮೇಲೇನು ಮಾಡಿದರು? 2020ರಲ್ಲಿ ಡ್ರೈವ್‌ಎಕ್ಸ್ ಎಂಬ ಕಂಪನಿ ಶುರುಮಾಡಿ ಸೆಕೆಂಡ್ ಹ್ಯಾಂಡ್ ಸ್ಕೂಟರು, ಬೈಕುಗಳ ವ್ಯಾಪಾರಕ್ಕೆ ಇಳಿದರು. 2022ರಲ್ಲಿ ಟಿವಿಎಸ್ ಮೋಟಾರ್ ಅದರಲ್ಲಿ ಪಾಲು ಕೊಂಡಿತು. ಗಂಟೆಗೆ 300 ಕಿಲೋಮೀಟರ್ ಮೀರಿ ಓಡಿದವರು ಹಳೇ ಸ್ಕೂಟರಿನ ಆರ್‌ಸಿ ಪುಸ್ತಕ ನೋಡುವ ವ್ಯವಹಾರಕ್ಕೆ ಬಂದರಲ್ಲ ಎಂದು ಮರುಗಬೇಕಿಲ್ಲ. ಅವರ ಹಿಂದೆಯೇ ಫಾರ್ಮುಲಾ ಒನ್ ತಲುಪಿದ ಎರಡನೆಯ ಭಾರತೀಯ, ಚೆನ್ನೈನ ಕರುಣ್ ಚಾಂಡೋಕ್ ಇನ್ನೊಂದು ದಾರಿ ಹಿಡಿದರು. 2010ರಲ್ಲಿ ಎಚ್‌ಆರ್‌ಟಿ, 2011ರಲ್ಲಿ ಲೋಟಸ್‌ನಲ್ಲಿ ಒಂದು ರೇಸು, 2012ರಲ್ಲಿ ಲ ಮಾನ್ 24 ಗಂಟೆ ರೇಸಿನಲ್ಲಿ ಓಡಿದ ಮೊದಲ ಭಾರತೀಯ ಎಂಬ ಹೆಸರು. ಇಂದು ಬ್ರಿಟನ್ನಿನ ಟಿವಿಯಲ್ಲಿ ರೇಸಿನ ವಿಶ್ಲೇಷಕ. ಅವರನ್ನು ಡ್ರೈವರ್ ಆಗಿ ಕಂಡವರಿಗಿಂತ ಮಾತಿನಲ್ಲಿ ಕೇಳಿದವರೇ ಈಗ ಹೆಚ್ಚು.

ಚುಂಚನಗುಪ್ಪೆಯಿಂದ ಡಕಾರ್

ಕಾರು ಬಿಟ್ಟು ಬೈಕಿಗೆ ಬಂದರೆ ಕನ್ನಡಿಗರದ್ದೇ ಒಂದು ದೊಡ್ಡ ಕಥೆಯಿದೆ. ಬೆಂಗಳೂರಿನ ಸಿ. ಎಸ್. ಸಂತೋಷ್. ಪೂರ್ಣ ಹೆಸರು ಚುಂಚನಗುಪ್ಪೆ ಶಿವಶಂಕರ್ ಸಂತೋಷ್. ಮಣ್ಣಿನ ದಿಬ್ಬಗಳ ಮೇಲೆ ಹಾರಿಸುವ ಮೋಟೊಕ್ರಾಸ್, ಸೂಪರ್‌ಕ್ರಾಸ್‌ನಲ್ಲಿ ದೇಶದ ಮುಂಚೂಣಿಗೆ ಬಂದು, ಆಮೇಲೆ ಮರಳುಗಾಡಿನ ದೀರ್ಘ ರ‍್ಯಾಲಿಗಳತ್ತ ತಿರುಗಿದವರು. 2013ರಲ್ಲಿ ಅಬುಧಾಬಿಯ ಮರಳಿನಲ್ಲಿ ಬಿದ್ದಾಗ ಬೈಕಿಗೆ ಬೆಂಕಿ ಹತ್ತಿ ಕತ್ತು ಸುಟ್ಟಿತು. ಅಲ್ಲಿಗೆ ಸಾಕೆನ್ನುವುದು ನಮ್ಮ ನಿಮ್ಮ ಬುದ್ಧಿ. ಅವರು 2015ರ ಜನವರಿಯಲ್ಲಿ ಡಕಾರ್ ರ‍್ಯಾಲಿಗೆ ಹೊರಟರು.

ಡಕಾರ್ ಎಂದರೆ ಟ್ರ್ಯಾಕಿನ ರೇಸಲ್ಲ. ಎರಡು ವಾರ, ಸಾವಿರಾರು ಕಿಲೋಮೀಟರು. ಆ ವರ್ಷ ದಾರಿ ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳ ಮೂಲಕ. ಕಾರಿನವರಿಗೆ ಪಕ್ಕದಲ್ಲಿ ದಾರಿ ಹೇಳುವವರು ಇರುತ್ತಾರೆ. ಬೈಕಿನವನು ಒಂಟಿ. ಹ್ಯಾಂಡಲಿನ ಮುಂದೆ ಸುರುಳಿ ಕಾಗದದಲ್ಲಿ ‘ಇಷ್ಟು ದೂರಕ್ಕೆ ಒಣ ಹಳ್ಳ, ಇಷ್ಟು ದೂರಕ್ಕೆ ಬಲಕ್ಕೆ ದಿಬ್ಬ, ಎಚ್ಚರ’ ಎಂಬಂಥ ಸಂಕೇತಗಳಿರುತ್ತವೆ. ಒಂದು ಕೈಯಲ್ಲಿ ಅದನ್ನು ಉರುಳಿಸುತ್ತ, ದಿಕ್ಕು ನೋಡುತ್ತ, ಕಲ್ಲು ತಪ್ಪಿಸುತ್ತ ಓಡಿಸಬೇಕು. ಬೆಳಗಿನ ಜಾವ ಎದ್ದರೆ ಕತ್ತಲಾಗುವವರೆಗೆ ಸೀಟು. ಬೊಲಿವಿಯಾದ ಉಯುನಿ ಎಂಬಲ್ಲಿ 3,600 ಮೀಟರ್ ಎತ್ತರದ ಉಪ್ಪಿನ ಬಯಲು. ಆ ವರ್ಷ ಅಲ್ಲಿ ಮಳೆ ನೀರು ನಿಂತಿತ್ತು. ಉಪ್ಪುನೀರು ಎಂಜಿನ್ನಿಗೂ ವೈರಿಂಗಿಗೂ ಹೊಕ್ಕು ಎಷ್ಟೋ ಬೈಕುಗಳು ಕೆಟ್ಟು ನಿಂತವು. ಸಂತೋಷ್ 36ನೆಯವರಾಗಿ ಮುಗಿಸಿದರು. ಡಕಾರ್ ಪೂರೈಸಿದ ಮೊದಲ ಭಾರತೀಯ.

ಮುಂದೆ ಹೀರೊ ಮೋಟೊಸ್ಪೋರ್ಟ್ಸ್ ತಂಡ ಅವರನ್ನು ತೆಗೆದುಕೊಂಡಿತು. 2017ರಲ್ಲಿ 47ನೆಯ ಸ್ಥಾನ, 2018ರಲ್ಲಿ 34ನೆಯ ಸ್ಥಾನ. 2020ರಲ್ಲಿ ಡಕಾರ್ ಸೌದಿ ಅರೇಬಿಯಾಕ್ಕೆ ಹೋಯಿತು. ಆ ಜನವರಿ 12ರಂದು ಅದೇ ಹೀರೊ ತಂಡದ ಪೋರ್ಚುಗಲ್ ಸವಾರ ಪಾಲೊ ಗೊನ್ಸಾಲ್ವಿಸ್ ಬಿದ್ದು ತೀರಿಕೊಂಡರು. ತಂಡವಿಡೀ ರ‍್ಯಾಲಿಯಿಂದ ಹಿಂದೆ ಸರಿಯಿತು. ಮರುವರ್ಷ, 2021ರ ಜನವರಿ 6ರಂದು, ವಾದಿ ಅದ್ ದವಾಸಿರ್‌ನಿಂದ ರಿಯಾದ್‌ಗೆ ಹೋಗುವ ನಾಲ್ಕನೆಯ ಹಂತದಲ್ಲಿ ಸಂತೋಷ್ ಬಿದ್ದರು. ತಲೆಗೆ ಪೆಟ್ಟು. ರಿಯಾದ್‌ನ ಆಸ್ಪತ್ರೆಗೆ ಒಯ್ದು ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿಟ್ಟರು. ದಿನಗಟ್ಟಲೆ ಕಾದ ಮೇಲೆ ಎಚ್ಚರವಾಯಿತು, ಊರಿಗೆ ಮರಳಿದರು.

ಕೋಲಾರದ ಬಳಿ ಅವರು ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್ ಇದೆ. ಮಣ್ಣಿನ ಮೇಲೆ ಬೈಕು ಓಡಿಸುವುದನ್ನು ಅಲ್ಲಿ ಕ್ರಮವಾಗಿ ಹೇಳಿಕೊಡುತ್ತಾರೆ: ನಿಂತು ಓಡಿಸುವುದು, ಸಡಿಲ ಮಣ್ಣಿನಲ್ಲಿ ಬ್ರೇಕು ಹಿಡಿಯುವುದು, ಬೀಳುವುದಾದರೆ ಹೇಗೆ ಬೀಳಬೇಕೆಂಬುದು. ಡಕಾರ್‌ನ 36ನೆಯ ಸ್ಥಾನಕ್ಕಿಂತ ಕರ್ನಾಟಕಕ್ಕೆ ಹೆಚ್ಚು ದಕ್ಕುವುದು ಇದೇ ಎಂಬುದು ನನ್ನ ಎಣಿಕೆ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದು, ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿಕೊಂಡರು. ಮಣ್ಣಿನ ದಾರಿ ನಮ್ಮವರಿಗೆ ಒಗ್ಗಿದಷ್ಟು ಟಾರಿನ ಟ್ರ್ಯಾಕು ಒಗ್ಗಿಲ್ಲ, ಯಾಕೆಂದರೆ ನಮ್ಮಲ್ಲಿ ಇರುವುದು ಮಣ್ಣೇ. ಅಂತರರಾಷ್ಟ್ರೀಯ ಮಾನ್ಯತೆಯ ಕಾರ್ ರೇಸ್ ಟ್ರ್ಯಾಕು ಕರ್ನಾಟಕದಲ್ಲಿ ಒಂದೂ ಇಲ್ಲ. ಟಾರಿನ ಕನಸು ಹೊತ್ತ ಬೆಂಗಳೂರಿನ ಮೈನಿ ಸಹೋದರರು ಯೂರೋಪಿಗೆ ಹೋಗಿಯೇ ಬೆಳೆಯಬೇಕಾಯಿತು. ಅಣ್ಣ ಅರ್ಜುನ್ 2014ರಲ್ಲಿ ಬ್ರಿಟನ್ನಿನ ಫಾರ್ಮುಲಾ ಫೋರ್‌ನಲ್ಲಿ, ಮುಂದೆ ಫಾರ್ಮುಲಾ ಒನ್ ತಲುಪಿದ ಜಾರ್ಜ್ ರಸೆಲ್ ಹಿಂದೆಯೇ ಎರಡನೆಯವನಾದ. ತಮ್ಮ ಕುಶ್ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸ್ ಗೆದ್ದ. ರಸೆಲ್ ಇಂದು ಎಲ್ಲಿದ್ದಾನೆ, ಅರ್ಜುನ್ ಎಲ್ಲಿದ್ದಾನೆ ಎಂದು ಹೋಲಿಸಿದರೆ ಮೊದಲು ಹೇಳಿದ ದುಡ್ಡಿನ ಮಾತಿಗೇ ವಾಪಸ್ ಬರಬೇಕಾಗುತ್ತದೆ.

ಪಕ್ಕದ ಸೀಟಿನವರು

ರೇಸಿನ ಚರಿತ್ರೆಯಲ್ಲಿ ಅತಿ ಕಡಿಮೆ ಹೆಸರಾಗುವವರು ಪಕ್ಕದ ಸೀಟಿನವರು. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳದಾರಿಗಳಲ್ಲಿ ರ‍್ಯಾಲಿ ನಡೆಯುವಾಗ ಗಮನಿಸಿ. ಗಿಡಗಳ ನಡುವಿನ ಕೆಂಪು ಮಣ್ಣಿನ ಕಿರುದಾರಿ, ಮುಂದಿನ ತಿರುವು ಕಾಣುವುದಿಲ್ಲ. ಆದರೂ ಡ್ರೈವರ್ ಆಕ್ಸಿಲರೇಟರಿನಿಂದ ಕಾಲು ಎತ್ತುವುದಿಲ್ಲ. ಯಾಕೆಂದರೆ ಪಕ್ಕದಲ್ಲಿ ಕೂತ ನ್ಯಾವಿಗೇಟರ್, ಮೊದಲೇ ಆ ದಾರಿಯಲ್ಲಿ ನಿಧಾನಕ್ಕೆ ಹೋಗಿ ಬರೆದುಕೊಂಡ ಪೇಸ್ ನೋಟ್ಸನ್ನು ಓದುತ್ತಿರುತ್ತಾನೆ. ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಕಡಿದು, ಎಷ್ಟು ಮೀಟರ್ ಆಚೆ, ಒಳಗೆ ಕಲ್ಲಿದೆಯೋ. ಒಂದು ಸಾಲು ತಡವಾಗಿ ಓದಿದರೆ ಕಾರು ಮರಕ್ಕೆ. ತಲೆ ಎತ್ತಿ ಹೊರಗೆ ನೋಡಲೂ ಪುರುಸೊತ್ತಿಲ್ಲದ ಈ ಕೆಲಸದಲ್ಲಿ ದೇಶದ ದೊಡ್ಡ ಹೆಸರು ಕಾಸರಗೋಡಿನ ಮೂಸಾ ಶರೀಫ್. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್‌ಗೆ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಪಕ್ಕದಲ್ಲಿ ಕೂತು ದಾರಿ ಓದಿದವರು. ಗಿಲ್‌ಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಕ್ರೀಡೆಯವರಿಗೆ ಸಿಕ್ಕ ಮೊದಲ ಅರ್ಜುನ ಅದು. ಷೋಲಾವರಂನ ಕಾಲದಿಂದ ಲೆಕ್ಕ ಹಾಕಿದರೆ ಅರ್ಜುನ ಪ್ರಶಸ್ತಿ ಕೊಡುವವರಿಗೆ ಈ ಕ್ರೀಡೆ ಕಾಣಲು ಅರವತ್ತು ವರ್ಷಕ್ಕೂ ಮೇಲೆ ಹಿಡಿಯಿತು.

ವಿಮೆಯವರಿಗೆ ಮಾತ್ರ ರೇಸು ಯಾವಾಗಲೂ ಕಾಣುತ್ತಿತ್ತು. ನಿಮ್ಮ ಕಾರಿನ ವಿಮಾ ಪತ್ರ ತೆಗೆದು ‘ಬಳಕೆಯ ಮಿತಿ’ ಎಂಬ ಭಾಗ ಓದಿ. ಸಂಘಟಿತ ರೇಸು, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವಕ್ಕೆ ಬಳಸಿದರೆ ಪರಿಹಾರವಿಲ್ಲ ಎಂದಿರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ರೇಸು ಕಟ್ಟಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ: ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ರಾತ್ರಿ ಬೈಕು ಹಾರಿಸುವ ಹುಡುಗರಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಅದಕ್ಕಿಂತ ಗೊತ್ತಿರಬೇಕಾದದ್ದು, ಮೇಲೆ ಹೆಸರಿಸಿದ ರೇಸಿಗರು ಹೆಸರು ಮಾಡಿದ್ದು ಮುಚ್ಚಿದ ದಾರಿಯಲ್ಲಿ, ಅಂಬುಲೆನ್ಸು ಪಕ್ಕದಲ್ಲಿ ನಿಂತಿರುವ ಜಾಗದಲ್ಲಿ.

ಇಷ್ಟು ಬರೆದ ಮೇಲೆ ಒಂದು ಕೊರಗು ಉಳಿಯುತ್ತದೆ. ಫಾರ್ಮುಲಾ ಒನ್ ತಲುಪಿದವರ ಒಂದೊಂದು ಸುತ್ತಿನ ಸಮಯವೂ ದಾಖಲಾಗಿದೆ. ಯಾದವಗಿರಿಯ ಕಾರ್ಖಾನೆಯಲ್ಲಿ ಹೊಸ ಬೈಕುಗಳನ್ನು ಓಡಿಸಿ ನೋಡುತ್ತಿದ್ದವರು, ಅರ ಹಿಡಿದು ಪೋರ್ಟು ಉಜ್ಜಿದವರು, ಷೋಲಾವರಂನಿಂದ ಕಪ್ಪು ತಂದು ಮರುದಿನ ಬ್ಯಾಂಕಿಗೋ ಗ್ಯಾರೇಜಿಗೋ ಕೆಲಸಕ್ಕೆ ಹೋದವರು, ಇವರ ಚರಿತ್ರೆಯನ್ನು ಕನ್ನಡದಲ್ಲಿ ಕೂತು ಬರೆದವರು ಕಡಿಮೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಹಳೇ ಬೈಕುಗಳು ಮಿರುಗುತ್ತ ಬೀದಿಗೆ ಬರುತ್ತವೆ. ಬೈಕುಗಳನ್ನು ಉಳಿಸಿಕೊಂಡಷ್ಟು ಶ್ರದ್ಧೆಯಿಂದ ಅವುಗಳನ್ನು ಓಡಿಸಿದವರ ಮಾತನ್ನು ನಾವು ಉಳಿಸಿಕೊಂಡಿಲ್ಲ. ಆ ಪೀಳಿಗೆಗೆ ಈಗ ಎಪ್ಪತ್ತು, ಎಂಬತ್ತು.

ಓದುಗರಲ್ಲಿ ಒಂದು ಕೋರಿಕೆ. ಲಕ್ಷ್ಮೀಪುರಂ, ಯಾದವಗಿರಿ, ಚಾಮರಾಜಪುರಂ ಕಡೆಯ ನಿಮ್ಮ ಮನೆಯ ಅಟ್ಟದಲ್ಲಿ ಷೋಲಾವರಂನ ಕಪ್ಪೋ, ರೇಸಿನ ನಂಬರ್ ಹಾಕಿದ ಬೈಕಿನ ಜೊತೆ ನಿಂತ ಫೋಟೋವೋ ಇದ್ದರೆ ಗುಜರಿಗೆ ಹಾಕಬೇಡಿ. ಅದರಲ್ಲಿರುವ ಅಜ್ಜನನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು ಯಾವ ವರ್ಷ, ಯಾವ ಬೈಕು, ಎಂಜಿನ್ನಿಗೆ ಕೈಹಾಕಿದ ಮೆಕ್ಯಾನಿಕ್ ಯಾರು ಎಂದು ಕೇಳಿ. ಹೇಳಿದ್ದನ್ನು ಫೋಟೋದ ಹಿಂಬದಿಯಲ್ಲಿ ಇವತ್ತೇ ಬರೆದಿಡಿ.